ಮಸಿ ಹಿಡಿದ ವಾಲ್ವ್, ಬೈಗುಳ ಕಾರ್ಬುರೇಟರಿಗೆ

ಯಮಹಾ ಕಂಪನಿ 1983ರಲ್ಲಿ ತನ್ನ ಆರ್‌ಡಿ 350 ಬೈಕಿಗೆ ‘ಪವರ್ ವಾಲ್ವ್’ ಅಳವಡಿಸಿತು. ನಮ್ಮ ರಾಜದೂತ್ 350ಕ್ಕೆ ಅದು ಬರಲಿಲ್ಲ. ಈ ವಾಲ್ವ್ ಎಂದರೆ, ಟೂ-ಸ್ಟ್ರೋಕ್ ಎಂಜಿನ್ನಿನ ಹೊಗೆಕಿಂಡಿಯ ಮೇಲಂಚಿನಲ್ಲಿ ತಿರುಗುವ ಒಂದು ಉರುಳೆ. ನಿಧಾನ ಓಟದಲ್ಲಿ ಅದು ಕಿಂಡಿಯನ್ನು ತಗ್ಗಿಸಿ ಪಿಕಪ್ ಕೊಡುತ್ತದೆ. ವೇಗ ಏರಿದಾಗ ಪೂರ್ತಿ ತೆರೆದು ಶಕ್ತಿ ಹೆಚ್ಚಿಸುತ್ತದೆ. ಪುಟ್ಟ ಮೋಟಾರೊಂದು ಕೇಬಲ್‌ಗಳ ಮೂಲಕ ಅದನ್ನು ತಿರುಗಿಸುತ್ತದೆ.

ಸುಟ್ಟ ಎಣ್ಣೆಯ ಮಸಿ ಕಟ್ಟಿದರೆ ಉರುಳೆ ಸಿಕ್ಕಿಕೊಳ್ಳುತ್ತದೆ. ತೆರೆದೇ ನಿಂತರೆ ಪಿಕಪ್ ಇಲ್ಲ. ತಗ್ಗಿಯೇ ನಿಂತರೆ ವೇಗವಿಲ್ಲ. ಇದನ್ನರಿಯದೆ ಕಾರ್ಬುರೇಟರ್ ಬದಲಿಸಿ ಹಣ ಕಳೆದುಕೊಳ್ಳುವವರುಂಟು. ಮೊದಲು ಕೀ ತಿರುಗಿಸಿ ನೋಡಿ: ಎಂಜಿನ್ ಚಾಲೂ ಆಗುವ ಮುನ್ನವೇ ಉರುಳೆ ಒಮ್ಮೆ ತಿರುಗಬೇಕು. ಮೋಟಾರು ಸದ್ದು ಮಾಡಿಯೂ ಉರುಳೆ ಅಲುಗದಿದ್ದರೆ ಕೇಬಲ್ ಮತ್ತು ಮಸಿಯನ್ನು ನೋಡಿ. ಸದ್ದೇ ಇಲ್ಲದಿದ್ದರೆ ವೈರಿಂಗ್ ಮತ್ತು ಮೋಟಾರನ್ನು. ಮಸಿ ಕೆರೆದು ಮರುಜೋಡಿಸುವಾಗ, ಪೂರ್ತಿ ತೆರೆದ ಉರುಳೆ ಕಿಂಡಿಯ ಮೇಲಂಚಿಗೆ ಸಮನಾಗಿ ನಿಲ್ಲುವಂತೆ ಕೇಬಲ್ ಬಿಗಿಯಿರಿ.