ಹಲ್ಲಿನ ಕವಚವೂ ಉಜ್ಜುವ ಪೇಸ್ಟೂ



ನಮ್ಮ ಶರೀರದಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ವಸ್ತು ಮೂಳೆಯಲ್ಲ. ಹಲ್ಲಿನ ಹೊರಕವಚವಾದ ಎನಾಮಲ್. ಆದರೆ ಮುರಿದ ಮೂಳೆ ಕೂಡಿಕೊಳ್ಳುವುದು. ಎನಾಮಲಿನಲ್ಲಿ ಒಮ್ಮೆ ಕುಳಿ ಬಿದ್ದರೆ ಅದು ಮತ್ತೆ ಬೆಳೆಯಲಾರದು. ಅದನ್ನು ಕಟ್ಟುವ ಜೀವಕಣಗಳು ಹಲ್ಲು ಮೂಡುವ ವೇಳೆಗೇ ಅಳಿದಿರುತ್ತವೆ. ಆದಕಾರಣ ಕುಳಿ ಬೀಳುವ ಮೊದಲೇ ಅದನ್ನು ಬಲಪಡಿಸುವ ಪೇಸ್ಟು ಯಾವುದೆಂದು ವಿಚಾರಮಾಡುವುದು ಯುಕ್ತ.

ಎನಾಮಲ್ ಮುಖ್ಯವಾಗಿ ಕ್ಯಾಲ್ಸಿಯಂ, ಫಾಸ್ಫೇಟುಗಳಿಂದಾದ ಹರಳು. ನಾವು ತಿಂದ ಸಿಹಿಯನ್ನು ಬಾಯಿಯ ಸೂಕ್ಷ್ಮಜೀವಿಗಳು ಆಮ್ಲವಾಗಿ ಮಾರ್ಪಡಿಸುತ್ತವೆ. ಆ ಆಮ್ಲದಲ್ಲಿ ಹರಳು ಕರಗತೊಡಗುತ್ತದೆ. ಅನಂತರ ಲಾಲಾರಸವು ಅವೇ ಲವಣಗಳನ್ನು ಮರಳಿ ತುಂಬುತ್ತದೆ. ದಿನವೂ ನಡೆಯುವ ಈ ಆದಾಯ ವ್ಯಯಗಳಲ್ಲಿ ಆದಾಯದ ಪಕ್ಷವನ್ನು ವಹಿಸುವ ವಸ್ತು ಫ್ಲೋರೈಡ್. ಅದಿದ್ದಲ್ಲಿ ಲವಣಗಳು ಬೇಗ ಕೂಡುವುವು. ಹಾಗೆ ಕೂಡಿದ ಹರಳು ಆಮ್ಲಕ್ಕೆ ಸುಲಭವಾಗಿ ಸೋಲದು.

ಪೇಸ್ಟಿನಲ್ಲಿ ಫ್ಲೋರೈಡ್ ಇದ್ದರೆ ಸಾಲದು. ಅದು ಹಲ್ಲಿಗೆ ದಕ್ಕಬೇಕು. ಸುಣ್ಣದ ಕಲ್ಲಿನ ಪುಡಿಯಿಂದ ಮಾಡಿದ ಪೇಸ್ಟಿಗೆ ಸೋಡಿಯಂ ಫ್ಲೋರೈಡನ್ನು ಬೆರಸಿದರೆ, ಪುಡಿಯೊಳಗಿನ ಕ್ಯಾಲ್ಸಿಯಂ ಅದನ್ನು ಹಿಡಿದಿಟ್ಟು ನಿಷ್ಪ್ರಯೋಜಕ ಮಾಡುವುದು. ಆದ್ದರಿಂದಲೇ ಅಂಥ ಪೇಸ್ಟುಗಳಲ್ಲಿ ಸೋಡಿಯಂ ಮಾನೋಫ್ಲೋರೋಫಾಸ್ಫೇಟನ್ನೂ ಸಿಲಿಕಾ ಪೇಸ್ಟುಗಳಲ್ಲಿ ಸೋಡಿಯಂ ಫ್ಲೋರೈಡನ್ನೂ ಬಳಸುವುದು ವಾಡಿಕೆ. ಭಾರತದ ನಿಯಮದಂತೆ ಫ್ಲೋರೈಡಿನ ಪ್ರಮಾಣ ಹತ್ತು ಲಕ್ಷಕ್ಕೆ 1000 ಭಾಗಗಳನ್ನು ಮೀರಕೂಡದು. ಆ ಪ್ರಮಾಣವನ್ನು ಟ್ಯೂಬಿನ ಮೇಲೆ ಮುದ್ರಿಸಿರಬೇಕು. ವಯಸ್ಕರಿಗೆ ಸಾವಿರದ ಸಮೀಪದ್ದೇ ಮೇಲು. ಕೊಳ್ಳುವಾಗ ಓದತಕ್ಕದ್ದು ಈ ಸಣ್ಣ ಸಾಲನ್ನು. ಲವಂಗ, ಉಪ್ಪು, ಇದ್ದಿಲು ಎಂಬ ದೊಡ್ಡ ಅಕ್ಷರಗಳನ್ನಲ್ಲ. ಲವಂಗ ಬಾಯಿಗೆ ಪರಿಮಳವನ್ನು ಕೊಟ್ಟೀತು. ಒರಟು ಇದ್ದಿಲು ಎನಾಮಲನ್ನೇ ಸವೆಸೀತು.

ಹಿತವೆಂದು ಅತಿಯಾಗಿ ಬಳಸಲೂ ಬಾರದು. ಪಾವಗಡದಂಥ ಸೀಮೆಗಳಲ್ಲಿ ಅಂತರ್ಜಲದ ಫ್ಲೋರೈಡ್ ಮಿತಿಮೀರಿ, ಬೆಳೆಯುವ ಮಕ್ಕಳ ಹಲ್ಲುಗಳಲ್ಲಿ ಕಲೆಗಳು ಮೂಡಿರುವುದುಂಟು. ಅಂಥ ನೀರನ್ನು ಕುಡಿಯುವ ಮನೆಯವರು ಮಕ್ಕಳ ಪೇಸ್ಟಿನ ವಿಷಯದಲ್ಲಿ ದಂತವೈದ್ಯರನ್ನು ಕೇಳಬೇಕು. ಉಳಿದೆಡೆ ಮೂರು ವರ್ಷದೊಳಗಿನ ಶಿಶುವಿಗೆ ಅಕ್ಕಿಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿಕಾಳಿನಷ್ಟು ಪೇಸ್ಟು ಸಾಕು. ನುಂಗದಂತೆ ಹಿರಿಯರು ಬಳಿಯಲ್ಲಿ ನಿಂತಿರಬೇಕು.

ಕೊನೆಯದಾಗಿ ಒಂದು ಮಾತು. ಬೆಳಗ್ಗೆ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ ಹಲ್ಲುಜ್ಜಿ ನೊರೆಯನ್ನು ಉಗುಳಿರಿ. ಒಡನೆಯೇ ಬಾಯಿತುಂಬ ನೀರು ಮುಕ್ಕಳಿಸಬೇಡಿರಿ. ಮುಕ್ಕಳಿಸಿದರೆ, ಆರಿಸಿ ತಂದ ಪೇಸ್ಟಿನ ಗುಣವೆಲ್ಲ ನೀರುಪಾಲಾದೀತು.