ಗಾರೆ ಕಾಯ್ದ ಶಿಲ್ಪ

ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದಲ್ಲಿ ಓತಂ ಎಂಬ ಸಣ್ಣ ಊರಿದೆ. ರೋಮನ್ ಚಕ್ರವರ್ತಿ ಆಗಸ್ಟಸನ ಹೆಸರು ಹೊತ್ತು ಹುಟ್ಟಿದ ಊರು ಅದು. ಅಲ್ಲಿಯ ಸಂತ ಲಾಜರನ ಇಗರ್ಜಿಯನ್ನು ನೋಡಹೋದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅದರ ಚೂಪಾದ ಗಾಥಿಕ್ ಶಿಖರ. ಆದರೆ ಶಿಖರ 15ನೆಯ ಶತಮಾನದ್ದು. ಅದರ ಕೆಳಗಿರುವ ಕಟ್ಟಡ ಅದಕ್ಕಿಂತ ಮುನ್ನೂರು ವರ್ಷ ಹಳೆಯದು; 1120ರ ಸುಮಾರಿಗೆ ಆರಂಭವಾದದ್ದು.

ಯೂರೋಪಿನಲ್ಲಿ 11 ಮತ್ತು 12ನೆಯ ಶತಮಾನಗಳಲ್ಲಿ ಬೆಳೆದ ವಾಸ್ತುಶೈಲಿಯನ್ನು ರೋಮನೆಸ್ಕ್ ಎಂದು ಕರೆಯುತ್ತಾರೆ. ಈ ಹೆಸರನ್ನು ಕೊಟ್ಟವರು 19ನೆಯ ಶತಮಾನದ ವಿದ್ವಾಂಸರು. ದಪ್ಪ ಗೋಡೆ, ಅರ್ಧವೃತ್ತದ ಕಮಾನು, ಕಲ್ಲಿನ ಕಮಾನುಛಾವಣಿ ಇದರ ಸಾಮಾನ್ಯ ಲಕ್ಷಣಗಳು. ಕಲ್ಲಿನ ಛಾವಣಿ ತನ್ನ ಭಾರವನ್ನು ಕೆಳಕ್ಕೆ ಮಾತ್ರವಲ್ಲದೆ ಪಕ್ಕಗಳಿಗೂ ತಳ್ಳುತ್ತದೆ. ಕಮಾನಿನ ನೆತ್ತಿಯನ್ನು ಚೂಪಾಗಿಸಿದರೆ ಈ ಪಕ್ಕದ ಒತ್ತಡ ಕಡಿಮೆಯಾಗುತ್ತದೆ. 1088ರಲ್ಲಿ ಆರಂಭವಾದ ಕ್ಲೂನಿಯ ಮಹಾ ಇಗರ್ಜಿಯಲ್ಲಿ ಬಳಸಿದ ಈ ಉಪಾಯವನ್ನೇ ಓತಂನವರೂ ಅನುಸರಿಸಿದರು. ಇನ್ನೊಂದು ಪಾಠವನ್ನು ಅವರು ತಮ್ಮ ಊರಿನಲ್ಲೇ ಕಲಿತರು. ಇಲ್ಲಿಯ ರೋಮನ್ ಹೆಬ್ಬಾಗಿಲುಗಳು ಇಂದಿಗೂ ನಿಂತಿವೆ. ಅವುಗಳ ಗೀರುಗಂಬಗಳೂ ಮೇಲಿನ ಕಮಾನುಸಾಲೂ ಇಗರ್ಜಿಯ ಒಳಗೋಡೆಯ ಮೇಲೆ ಮತ್ತೆ ಕಾಣಿಸಿಕೊಂಡಿವೆ.

ಯೇಸುವು ಮರಣದಿಂದ ಎಬ್ಬಿಸಿದನೆಂದು ನಂಬಲಾದ ಲಾಜರನ ಅವಶೇಷಗಳನ್ನು 1146ರಲ್ಲಿ ಇಲ್ಲಿಗೆ ತಂದರು. ಯಾತ್ರಿಕರು ಬಂದರು, ಕುಷ್ಠರೋಗಿಗಳೂ ಬಂದರು. ಅವರನ್ನು ಎದುರುಗೊಳ್ಳುತ್ತಿದ್ದುದು ಪಶ್ಚಿಮದ್ವಾರದ ಮೇಲೆ ಕೆತ್ತಿದ ಕಡೆಯ ತೀರ್ಪಿನ ದೃಶ್ಯ. ನಡುವೆ ಬಹು ದೊಡ್ಡ ಆಕೃತಿಯಲ್ಲಿ ಕ್ರಿಸ್ತ. ಅವನ ಬಲಕ್ಕೆ ಸ್ವರ್ಗ, ಎಡಕ್ಕೆ ಆತ್ಮಗಳ ತೂಕ ಮತ್ತು ನರಕ. ಕೆಳಗಿನ ಪಟ್ಟಿಯಲ್ಲಿ ಗೋರಿಗಳಿಂದ ಏಳುತ್ತಿರುವ ಸತ್ತವರು. ಅವರ ಸಾಲಿನಲ್ಲಿ ಜೋಳಿಗೆ ತೊಟ್ಟ ಇಬ್ಬರು ಯಾತ್ರಿಕರಿದ್ದಾರೆ. ಒಬ್ಬನ ಜೋಳಿಗೆಯ ಮೇಲೆ ಶಿಲುಬೆ, ಇನ್ನೊಬ್ಬನದರ ಮೇಲೆ ಚಿಪ್ಪು. ತಮ್ಮಂಥವರನ್ನು ಅಲ್ಲಿ ಕಂಡ ಯಾತ್ರಿಕರಿಗೆ ಎಷ್ಟು ಧೈರ್ಯ ಬಂದಿರಬೇಕು! ಇನ್ನೊಂದು ಕಡೆ, ಎಲ್ಲಿಂದಲೋ ಬಂದ ಎರಡು ದೈತ್ಯ ಕೈಗಳು ಒಬ್ಬ ಪಾಪಿಯ ತಲೆಯನ್ನು ಹಿಡಿದಿವೆ. ನಾನು ಬಹಳ ಹೊತ್ತು ಆ ಕೈಗಳ ಕೆಳಗೇ ನಿಂತಿದ್ದೆ.

ಈ ಶಿಲ್ಪ ನಮಗೆ ಉಳಿದ ಬಗೆ ವಿಚಿತ್ರವಾದದ್ದು. 1766ರಲ್ಲಿ ಇಗರ್ಜಿಯ ಪಾದ್ರಿಗಳಿಗೆ ಇದು ಒರಟಾಗಿ ಕಂಡಿತು. ಅವರು ಇದರ ಮೇಲೆ ಗಾರೆ ಬಳಿಸಿದರು. ಗಾರೆಯಿಂದ ಹೊರಚಾಚುತ್ತಿದ್ದ ಕ್ರಿಸ್ತನ ತಲೆಯನ್ನು ಒಡೆದು ತೆಗೆಸಿದರು. ಉತ್ತರದ್ವಾರದ ಶಿಲ್ಪಕ್ಕೆ ಗಾರೆಯ ಭಾಗ್ಯವೂ ಇರಲಿಲ್ಲ. ಅದನ್ನು ಕಿತ್ತೇ ಹಾಕಿದರು. ಮುಂದೆ 1789ರಲ್ಲಿ ಫ್ರೆಂಚ್ ಕ್ರಾಂತಿ ಬಂದಿತು. ಅನೇಕ ಇಗರ್ಜಿಗಳ ವಿಗ್ರಹಗಳು ಪುಡಿಯಾದವು. ಕ್ಲೂನಿಯೇ ಕಲ್ಲಿನ ಗಣಿಯಾಯಿತು. ಓತಂನ ಪಶ್ಚಿಮದ್ವಾರದಲ್ಲಿ ಮಾತ್ರ ಒಡೆಯುವುದಕ್ಕೆ ಏನೂ ಕಾಣಿಸಲಿಲ್ಲ. ತಿರಸ್ಕಾರದಿಂದ ಬಳಿದ ಗಾರೆಯೇ ಕವಚವಾಯಿತು. 1837ರಲ್ಲಿ ಅದನ್ನು ಕೆರೆದು ತೆಗೆದಾಗ ಕಡೆಯ ತೀರ್ಪು ಮತ್ತೆ ಬೆಳಕು ಕಂಡಿತು. ತಲೆ ಊರಿನ ವಸ್ತುಸಂಗ್ರಹಾಲಯದಲ್ಲಿ ಗುರುತಾಗಿ, 1948ರಲ್ಲಿ ತನ್ನ ಜಾಗಕ್ಕೆ ಮರಳಿತು.

ಕ್ರಿಸ್ತನ ಪಾದಗಳ ಕೆಳಗೆ ಲ್ಯಾಟಿನ್ನಿನಲ್ಲಿ ‘ಗಿಸ್ಲೆಬೆರ್ಟುಸ್ ಇದನ್ನು ಮಾಡಿದನು’ ಎಂಬರ್ಥದ ಮೂರು ಪದಗಳಿವೆ. ಇದು ಶಿಲ್ಪಿಯ ಹೆಸರೆಂದೇ ಬಹುಕಾಲ ತಿಳಿಯಲಾಗಿತ್ತು. ಅನಾಮಿಕರ ಯುಗದಲ್ಲಿ ಹೆಸರುಳ್ಳ ಒಬ್ಬ ಕಲಾವಿದ ಸಿಕ್ಕಿದನೆಂದು ರಸಿಕರು ಸಂಭ್ರಮಿಸಿದರು. 1999ರಲ್ಲಿ ಲಿಂಡಾ ಸೈಡೆಲ್ ಎಂಬ ಕಲಾಚರಿತ್ರಕಾರ್ತಿ ಇದಕ್ಕೆ ಬೇರೆ ಅರ್ಥ ಹೇಳಿದರು: ಇದು ಉಳಿ ಹಿಡಿದವನ ಹೆಸರಲ್ಲ, ಹಿಂದಿನ ಕಾಲದ ಒಬ್ಬ ಶ್ರೀಮಂತ ಪೋಷಕನ ಸ್ಮರಣೆ ಎಂದು. ಈ ಚರ್ಚೆ ಮುಗಿದಿಲ್ಲ. ‘ಮಾಡಿದನು’ ಎಂಬ ಕ್ರಿಯಾಪದ ಕೆತ್ತಿದವನಿಗೂ ಒಪ್ಪುತ್ತದೆ, ಕೆತ್ತಿಸಿದವನಿಗೂ ಒಪ್ಪುತ್ತದೆ.

ಕಿತ್ತುಹಾಕಿದ ಉತ್ತರದ್ವಾರದ ಒಂದು ತುಂಡು ಉಳಿದು ಬಂದಿದೆ. 19ನೆಯ ಶತಮಾನದಲ್ಲಿ ಊರಿನ ಒಂದು ಹಳೆಯ ಮನೆಯನ್ನು ಕೆಡವಿದಾಗ, ಕಟ್ಟಡದ ಕಲ್ಲಾಗಿ ಬಳಕೆಯಾಗಿದ್ದ ಈವಳ ಶಿಲ್ಪ ದೊರೆಯಿತು. ಈಗ ಅದು ಇಗರ್ಜಿಯ ಸಮೀಪದ ರೋಲಾಂ ವಸ್ತುಸಂಗ್ರಹಾಲಯದಲ್ಲಿದೆ. ಎಲೆಬಳ್ಳಿಗಳ ನಡುವೆ ಈಜುವಂತೆ ಒರಗಿದ ಈವಳು ಒಂದು ಕೈಯನ್ನು ಹಿಂದಕ್ಕೆ ಚಾಚಿ ಹಣ್ಣನ್ನು ಹಿಡಿದಿದ್ದಾಳೆ. ಇನ್ನೊಂದನ್ನು ಕೆನ್ನೆಗೆ ಒತ್ತಿ ಏನೋ ಪಿಸುಗುಟ್ಟುತ್ತಿದ್ದಾಳೆ. ಅದನ್ನು ಕೇಳಬೇಕಾದ ಆದಾಮನ ಕಲ್ಲು ಸಿಕ್ಕಿಲ್ಲ.

ಓತಂನ ಪಾದ್ರಿಗಳು ಕೇಡಿಗರಾಗಿರಲಿಲ್ಲ. ತಮ್ಮ ಕಾಲದ ಅಭಿರುಚಿಯನ್ನೇ ಎಲ್ಲ ಕಾಲದ ಅಳತೆಗೋಲೆಂದು ನಂಬಿದ್ದರು, ಅಷ್ಟೆ. ಆ ನಂಬಿಕೆ ನಮ್ಮಲ್ಲೂ ಇರುವುದರಿಂದ ಇಷ್ಟು ಹೇಳಿದರೆ ಸಾಕು: ಒಲ್ಲದ್ದನ್ನು ಮುಚ್ಚಿದವರ ತಪ್ಪನ್ನು ಮುಂದಿನವರು ಕೆರೆದು ತೆಗೆಯಬಹುದು; ಒಡೆದವರ ತಪ್ಪಿಗೆ ಆ ಪರಿಹಾರವಿಲ್ಲ.