ದಾರಿ ಎರಡು, ಅಳತೆ ಒಂದು

ಖಾನಾಪುರದಿಂದ ಬೆಳಗಾವಿಯತ್ತ 3 ಕಿ.ಮೀ. ಉತ್ತರಕ್ಕೆ ಹೋಗಿ, ಅಲ್ಲಿಂದ 4 ಕಿ.ಮೀ. ಪೂರ್ವಕ್ಕೆ ತಿರುಗಿದರೆ ಹೊರಟ ಜಾಗದಿಂದ ನೇರ ದೂರವೆಷ್ಟು? ಖಾನಾಪುರದ ಮೋಜಣಿದಾರ ಪೂರ್ವದ ಅಳತೆಯನ್ನು ‘ಕ’, ಉತ್ತರದ್ದನ್ನು ‘ಖ’ ಎಂದು ಹಿಡಿಯುತ್ತಾನೆ. ದೂರದ ವರ್ಗ ಕ²+ಖ²=25; ದೂರ 5 ಕಿ.ಮೀ. ಬೆಳಗಾವಿಯವನಿಗೆ ಈಶಾನ್ಯದ ಓರೆಗೆರೆಯೇ ಇಷ್ಟ. 1 ಕಿ.ಮೀ. ಪೂರ್ವ, 1 ಕಿ.ಮೀ. ಉತ್ತರ ಕೂಡಿ ಅವನಿಗೆ ಒಂದು ನಡೆ. ಅಂಥ ನಡೆ ಗ=3, ಉಳಿದ ಪೂರ್ವ ಘ=1. ಅವನ ಸೂತ್ರ ಘ²+2ಗಘ+2ಗ². ಉತ್ತರ ಅದೇ 25! ಇಂಥವು ಸಮಾನ ವರ್ಗರೂಪಗಳು.

1843ರಲ್ಲಿ ಐರ್ಲೆಂಡಿನ ಹ್ಯಾಮಿಲ್ಟನ್ ನಾಲ್ಕು ಅಂಗಗಳ ‘ಕ್ವಾಟರ್ನಿಯನ್’ ಸಂಖ್ಯೆಗಳನ್ನು ಕಂಡುಹಿಡಿದರು. ನಾಲ್ಕೂ ಅಂಗಗಳ ವರ್ಗಗಳ ಮೊತ್ತವೇ ಅವುಗಳ ಅಳತೆ. ಗುಣಾಕಾರದ ನಿಯಮ ಬದಲಿಸಿದರೆ ಇನ್ನೊಂದು ಬಳಗ ಹುಟ್ಟುತ್ತದೆ. ಅದರ ಅಳತೆಯಲ್ಲಿ ಕೊನೆಯ ಎರಡು ವರ್ಗಗಳನ್ನು ಕಳೆಯಬೇಕು. ಎರಡೂ ಒಂದೇ ಬೀಜಗಣಿತವೆ? ಗುಣಾಕಾರದ ಕೋಷ್ಟಕಗಳನ್ನು ತಡಕಬೇಕಿಲ್ಲ. ಅಳತೆಯ ವರ್ಗರೂಪಗಳು ಸಮಾನವಾದರೆ ಬೀಜಗಣಿತಗಳೂ ಸಮಾನ, ಇಲ್ಲವಾದರೆ ಇಲ್ಲ.

ಮೊದಲನೆಯದರಲ್ಲಿ ಎಲ್ಲ ಅಂಗಗಳೂ ಸೊನ್ನೆಯಾದಾಗ ಮಾತ್ರ ಅಳತೆ ಸೊನ್ನೆ. ಎರಡನೆಯದರಲ್ಲಿ 1, 0, 1, 0 ಇಟ್ಟರೂ ಅಳತೆ 1−1=0. ಹಾಗಾಗಿ ಇವು ಬೇರೆ ಬೇರೆ. ಮೊದಲನೆಯದರಲ್ಲಿ ಸೊನ್ನೆಯಲ್ಲದ ಯಾವ ಸಂಖ್ಯೆಯಿಂದಲೂ ಭಾಗಿಸಬಹುದು. ಎರಡನೆಯದರಲ್ಲಿ ಆ ಸೌಲಭ್ಯವಿಲ್ಲ.